ಜಿಮ್ನಿಯ ಎರಡನೇ ಬ್ಯಾಟರಿ: ನಿಲ್ಲುವ ಹೊತ್ತಿನ ಲೆಕ್ಕ

ಹರಿಯಾಣದ ಗುರುಗ್ರಾಮದಲ್ಲಿ ತಯಾರಾಗುವ, ಸುಜುಕಿಯ ಐದು ಬಾಗಿಲಿನ ಜಿಮ್ನಿ 2023ರ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಅದೇ ಗಾಡಿ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೂ ಹೋಯಿತು. ಅಲ್ಲಿ ಅದರ ಹೆಸರು ಜಿಮ್ನಿ ಎಕ್ಸ್‌ಎಲ್. ಆಸ್ಟ್ರೇಲಿಯಾದಲ್ಲಿ ಫೋರ್ ಬೈ ಫೋರ್ ಕೊಂಡವರು ದೂರದ ದಾರಿಗೆ ಹೊರಡುವ ಮುನ್ನ ಮಾಡಿಸುವ ಕೆಲಸಗಳಲ್ಲಿ ಎರಡನೇ ಬ್ಯಾಟರಿ ಕೂರಿಸುವುದು ಹಳೆಯ ರೂಢಿ. ಅಲ್ಲಿನ ನೆಲವೇ ಅದನ್ನು ಹುಟ್ಟಿಸಿತು. ಸಿಂಪ್ಸನ್ ಮರುಭೂಮಿಯಲ್ಲಿ ಒಂದರ ಹಿಂದೊಂದು ಸಾವಿರಕ್ಕೂ ಮಿಕ್ಕಿ ಮರಳಿನ ದಿಬ್ಬಗಳಿವೆ. ವಿಲೂನಾದಿಂದ ಹಾಲ್ಸ್ ಕ್ರೀಕ್‌ವರೆಗಿನ ಕ್ಯಾನಿಂಗ್ ಸ್ಟಾಕ್ ರೂಟ್ ಸುಮಾರು 1,850 ಕಿಲೋಮೀಟರ್ ಉದ್ದದ ಹಳೆಯ ದನದ ದಾರಿ. ಅದರಲ್ಲಿ ಪೆಟ್ರೋಲ್ ಸಿಗುವ ತಾಣಗಳು ಬೆರಳೆಣಿಕೆಯಷ್ಟು. ಇಂಥ ಕಡೆ ಊಟದ ಸಾಮಾನು ಕೆಡದಂತೆ ಹಗಲೂ ರಾತ್ರಿ ಫ್ರಿಜ್ ಓಡಬೇಕು, ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಎದ್ದೇಳಲೂ ಬೇಕು. ಒಂದರ ಖರ್ಚು ಇನ್ನೊಂದನ್ನು ಮುಳುಗಿಸಬಾರದೆಂದು ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಇಟ್ಟರು. ಲ್ಯಾಂಡ್ ಕ್ರೂಸರ್, ನಿಸಾನ್ ಪಟ್ರೋಲ್‌ನಂಥ ಎರಡು ಟನ್ ಮೀರಿದ ಗಾಡಿಗಳಲ್ಲಿ ಬೆಳೆದ ಈ ಪದ್ಧತಿ ಇಂದು ಹೆಚ್ಚು ಯೋಚನೆಯಿಲ್ಲದೆ ಜಿಮ್ನಿಯ ಮೈಮೇಲೂ ಇಳಿಯುತ್ತಿದೆ. ನನ್ನ ತಕರಾರು ಇರುವುದು ಇಲ್ಲಿ. ದೊಡ್ಡ ಗಾಡಿಯ ಅಳತೆಯಲ್ಲಿ ಮಾಡಿದ ಎರಡನೇ ಬ್ಯಾಟರಿ ಚಿಕ್ಕ ಗಾಡಿಗೆ ಲಾಭಕ್ಕಿಂತ ಹೊರೆ. ಚಿಕ್ಕ ಗಾಡಿಗೂ ಅದು ಹೊಂದುವ ಸಂದರ್ಭಗಳಿವೆ, ಆದರೆ ಗಾತ್ರವನ್ನೂ ಜಾಗವನ್ನೂ ಗಾಡಿ ಎಷ್ಟು ಗಂಟೆ ನಿಲ್ಲುತ್ತದೆ ಎಂಬ ಲೆಕ್ಕದಿಂದ ನಿರ್ಧರಿಸಿದಾಗ ಮಾತ್ರ.

ಮೊದಲು ಖರ್ಚನ್ನು ನೋಡೋಣ. ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ನನ್ನು ತಿರುಗಿಸಲು ಸೆಲ್ಫ್ ಮೋಟಾರು ನೂರು, ನೂರೈವತ್ತು ಆಂಪಿಯರ್ ಎಳೆಯುತ್ತದೆ. ಕೇಳಿದರೆ ಭಯವಾಗುವ ಅಂಕಿ. ಆದರೆ ಅದು ಎಳೆಯುವುದು ಒಂದೆರಡು ಸೆಕೆಂಡು. 150 ಆಂಪಿಯರ್ ಎರಡು ಸೆಕೆಂಡು ಹರಿದರೆ ಖರ್ಚಾಗುವುದು ಒಂದು ಆಂಪಿಯರ್ ಅವರ್‌ನ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಬ್ಯಾಟರಿ ಅಂಗಡಿಯವರು ಎಎಚ್ ಎಂದು ಕರೆಯುವ ಅಳತೆ ಇದೇ. ಇನ್ನೊಂದು ಕಡೆ, ಕಂಪ್ರೆಸರ್ ಇರುವ ನಲವತ್ತು ಲೀಟರಿನ ಗಾಡಿ ಫ್ರಿಜ್ ಓಡುವಾಗ ಎಳೆಯುವುದು ನಾಲ್ಕೈದು ಆಂಪಿಯರ್ ಮಾತ್ರ. ಅದು ಸತತವಾಗಿ ಓಡುವುದೂ ಇಲ್ಲ, ತಣ್ಣಗಾದ ಮೇಲೆ ನಿಂತು ಬೆಚ್ಚಗಾದಾಗ ಮತ್ತೆ ಹೊರಡುತ್ತದೆ. ಸರಾಸರಿ ಒಂದೂವರೆಯಿಂದ ಎರಡು ಆಂಪಿಯರ್ ಎಂದು ಹಿಡಿದರೂ ದಿನಕ್ಕೆ 35ರಿಂದ 50 ಎಎಚ್ ಆಯಿತು. ಅಂದರೆ ಫ್ರಿಜ್ಜಿನ ಒಂದು ದಿನದ ಖರ್ಚಿನಲ್ಲಿ ಎಂಜಿನ್ನನ್ನು ಮುನ್ನೂರು ಸಲ, ಅದಕ್ಕೂ ಹೆಚ್ಚು ಸಲ ಸ್ಟಾರ್ಟ್ ಮಾಡಬಹುದು. ಎರಡನೇ ಬ್ಯಾಟರಿಯ ಪರವಾಗಿ ಆಡುವ ಮಾತುಗಳಲ್ಲಿ ಈ ಎರಡೂ ಬೇಡಿಕೆಗಳನ್ನು ಒಂದೇ ತಕ್ಕಡಿಯಲ್ಲಿ ಹಾಕಿಬಿಡುತ್ತಾರೆ. ಸ್ಟಾರ್ಟಿಂಗ್‌ಗೆ ಬೇಕಾದದ್ದು ಚಿಟಿಕೆಯಷ್ಟು ಶಕ್ತಿ, ಅದನ್ನು ಯಾರೂ ಕದಿಯದಂತೆ ಕಾದರೆ ಸಾಕು. ಫ್ರಿಜ್ಜಿಗೆ ಬೇಕಾದದ್ದು ದಿನವಿಡೀ ಸಣ್ಣಗೆ ಹರಿಯುವ ದೊಡ್ಡ ಮೊತ್ತ. ಕಾಯುವ ಕೆಲಸಕ್ಕೆ ಇನ್ನೊಂದು ಬ್ಯಾಟರಿ ಬೇಡ. ವೋಲ್ಟೇಜು ಇಂತಿಷ್ಟಕ್ಕೆ ಇಳಿದರೆ ಫ್ರಿಜ್ಜಿನ ಲೈನನ್ನು ಕಡಿಯುವ ಒಂದು ಕಟ್‌ಆಫ್ ಸಾಕು. ಒಳ್ಳೆಯ ಗಾಡಿ ಫ್ರಿಜ್ಜುಗಳಲ್ಲಿ ಅದು ಕಂಪನಿಯಿಂದಲೇ ಇರುತ್ತದೆ.

ಆ ಕಟ್‌ಆಫ್‌ನಿಂದಲೇ ಹುಟ್ಟುವ ಒಂದು ತಪ್ಪು ಗ್ರಹಿಕೆ ಎಷ್ಟೋ ಜನರನ್ನು ವೃಥಾ ಖರ್ಚಿಗೆ ತಳ್ಳುತ್ತದೆ. ಹಿಂದಿನ ಸಾಕೆಟ್ಟಿಗೆ ಫ್ರಿಜ್ ಚುಚ್ಚಿದರೆ ಗಂಟೆ ಎರಡು ಗಂಟೆಯಲ್ಲಿ ಬ್ಯಾಟರಿ ಡೌನ್ ಎಂದು ದೀಪ ಮಿನುಗಿಸಿ ನಿಂತುಬಿಡುತ್ತದೆ. ಬ್ಯಾಟರಿ ಸಾಲದು ಎಂದು ಮಾಲೀಕರು ತೀರ್ಮಾನಿಸುತ್ತಾರೆ. ನಿಜದಲ್ಲಿ ಸಾಲದೆ ಹೋದದ್ದು ತಂತಿ. ಸಾಕೆಟ್ಟಿಗೆ ಹೋಗಿರುವುದು ಒಂದು ಚದರ ಮಿಲಿಮೀಟರಿನ ತಾಮ್ರ ಎಂದಿಟ್ಟುಕೊಳ್ಳಿ. ಹೋಗಲು ನಾಲ್ಕು ಮೀಟರು, ಬರಲು ನಾಲ್ಕು ಮೀಟರು. ಐದು ಆಂಪಿಯರ್ ಹರಿದಾಗ ಆ ದಾರಿಯಲ್ಲೇ ಮುಕ್ಕಾಲು ವೋಲ್ಟ್‌ಗೆ ಹತ್ತಿರದಷ್ಟು ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12.3 ವೋಲ್ಟ್ ಇದ್ದರೆ ಫ್ರಿಜ್ಜಿಗೆ ಕಾಣುವುದು 11.6. ಅರ್ಧಕ್ಕೂ ಹೆಚ್ಚು ತುಂಬಿರುವ ಬ್ಯಾಟರಿಯನ್ನು ಅದು ಖಾಲಿ ಎಂದು ತಿಳಿಯುತ್ತದೆ. ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಹಾಕಿದ ದಪ್ಪ ತಂತಿ ಎಳೆದರೆ ಈ ಕಾಯಿಲೆ ವಾಸಿ. ಒಂದು ರಾತ್ರಿಯ ತಂಗುವಿಕೆಗೆ ಎರಡನೇ ಬ್ಯಾಟರಿ ಹಾಕಿಸಿದ ಬಹಳ ಮಂದಿಗೆ ಬೇಕಿದ್ದದ್ದು ಕೆಲವು ಮೀಟರ್ ತಂತಿ ಎಂಬುದು ನನ್ನ ಅಭಿಪ್ರಾಯ. ಹೊಸ ಬ್ಯಾಟರಿಯ ಜೊತೆ ಹೊಸ ದಪ್ಪ ತಂತಿಯೂ ಬರುವುದರಿಂದ ಫ್ರಿಜ್ ಸರಿಹೋಗುತ್ತದೆ, ಕೀರ್ತಿ ಬ್ಯಾಟರಿಗೆ ಸಲ್ಲುತ್ತದೆ.

ಈಗ ಮುಖ್ಯ ವಿಷಯ. ಎರಡನೇ ಬ್ಯಾಟರಿ ಒಂದು ಹನಿ ವಿದ್ಯುತ್ತನ್ನೂ ತಯಾರಿಸುವುದಿಲ್ಲ. ಗಾಡಿಯಲ್ಲಿ ತಯಾರಿಸುವುದು ಒಂದೇ ಒಂದು, ನಮ್ಮ ಮೆಕ್ಯಾನಿಕ್‌ಗಳು ಈಗಲೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರ್. ಬ್ಯಾಟರಿ ಎಂದರೆ ಮನೆ ಮೇಲಿನ ನೀರಿನ ಟ್ಯಾಂಕು ಇದ್ದಂತೆ. ಬೋರ್‌ವೆಲ್ ಪಂಪು ಓಡುವ ಹೊತ್ತು ಹೆಚ್ಚದೆ ಟ್ಯಾಂಕು ಮಾತ್ರ ದೊಡ್ಡದಾದರೆ ಅದು ಎಂದೂ ತುಂಬುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಮೂರು: ದಿನಕ್ಕೆ ಎಷ್ಟು ಖರ್ಚು, ದಿನಕ್ಕೆ ಎಷ್ಟು ಗಂಟೆ ಓಡಾಟ, ಆ ಗಂಟೆಗಳಲ್ಲಿ ಬ್ಯಾಟರಿ ಎಷ್ಟನ್ನು ಒಳಗೆ ತೆಗೆದುಕೊಳ್ಳಬಲ್ಲದು. ಮೂರನೆಯದರಲ್ಲಿ ಸೀಸದ ಬ್ಯಾಟರಿ ಸೋಲುತ್ತದೆ. ಅರ್ಧ ಖಾಲಿಯಾದ 100 ಎಎಚ್ ಸೀಸದ ಬ್ಯಾಟರಿ ಮೊದಮೊದಲು ಚೆನ್ನಾಗಿ ಕುಡಿಯುತ್ತದೆ. ಎಂಬತ್ತು ಪರ್ಸೆಂಟ್ ದಾಟಿದ ಮೇಲೆ ಅದರ ಗಂಟಲು ಕಿರಿದಾಗುತ್ತದೆ. ಕೊನೆಯ ಇಪ್ಪತ್ತಕ್ಕೆ ಹಲವು ಗಂಟೆ ಬೇಕು. ದಿನಕ್ಕೆ ಎರಡು ಗಂಟೆ ಓಡಿಸುವವರ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ. ಅರೆ ತುಂಬಿದ ಸ್ಥಿತಿಯಲ್ಲೇ ದಿನಗಟ್ಟಲೆ ಬಿದ್ದಿರುವ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿಯ ಶಕ್ತಿ ಖಾಯಂ ಆಗಿ ಕುಗ್ಗುತ್ತದೆ. ಮೇಲಾಗಿ, ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ 100 ಎಂದು ಬರೆದ ಡಬ್ಬದಲ್ಲಿ ಬಳಸಲು ಸಿಗುವುದು 50. ಮೇಲಿನ 20 ತುಂಬದೇ ಉಳಿದರೆ 30. ಇಷ್ಟಕ್ಕಾಗಿ ಸುಮಾರು 28 ಕೆ.ಜಿ. ಹೊರಬೇಕು.

ಹೊರುವುದು ಯಾರು ಎಂಬುದನ್ನೂ ಯೋಚಿಸಬೇಕು. ಐದು ಬಾಗಿಲಿನ ಜಿಮ್ನಿಯ ಸ್ವಂತ ತೂಕ ಮಾದರಿಗೆ ತಕ್ಕಂತೆ 1,195ರಿಂದ 1,210 ಕೆ.ಜಿ., ಸಾಮಾನು ಜನ ಎಲ್ಲ ಸೇರಿ ಮೀರಬಾರದ ತೂಕ 1,545 ಕೆ.ಜಿ. ನಡುವೆ ಉಳಿಯುವುದು 350 ಕೆ.ಜಿ. ಒಳಗೆ. ನಾಲ್ಕು ಜನ ದೊಡ್ಡವರು ಕೂತರೆ 270 ಹೋಯಿತು. ಮಿಕ್ಕ ಎಪ್ಪತ್ತೋ ಎಂಬತ್ತೋ ಕಿಲೋದಲ್ಲಿ ಬ್ಯಾಟರಿ, ಅದರ ಟ್ರೇ, ಕ್ಲಾಂಪು, ತಂತಿ ಸೇರಿ ಸುಮಾರು ಅರ್ಧವನ್ನು ನುಂಗುತ್ತವೆ. ಇಬ್ಬರೇ ಹೋದರೂ ಸಮಾಧಾನವಿಲ್ಲ. ಕಬ್ಬಿಣದ ಬಂಪರ್, ವಿಂಚ್, ಮೇಲಿನ ಕ್ಯಾರಿಯರ್, ನಲವತ್ತು ಲೀಟರ್ ನೀರು, ತುಂಬಿದ ಫ್ರಿಜ್ ಸೇರಿದಾಗ ಇನ್ನೂರು ಕಿಲೋ ಮಾಯ. ಎರಡೂವರೆ ಟನ್ನಿನ ಲ್ಯಾಂಡ್ ಕ್ರೂಸರಿಗೆ 35 ಕಿಲೋ ಗಮನಕ್ಕೇ ಬಾರದ ತೂಕ, ಜಿಮ್ನಿಗೆ ಹಾಗಲ್ಲ. ಈ ಗಾಡಿಯ ವಂಶದ ಶಕ್ತಿಯೇ ಹಗುರತನ. 1970ರಲ್ಲಿ ಸುಜುಕಿ ಹೊರತಂದ ಎಲ್‌ಜೆ10ರಲ್ಲಿದ್ದದ್ದು 359 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್. ತೂಕ 600 ಕಿಲೋಗಿಂತ ಕಡಿಮೆ. 2007ರಲ್ಲಿ ಚಿಲಿಯ ಇಬ್ಬರು ಇದೇ ಕುಲದ ಸಮುರಾಯ್ ಗಾಡಿಯನ್ನು ಓಹೊಸ್ ದೆಲ್ ಸಲಾದೊ ಜ್ವಾಲಾಮುಖಿಯ ಮೇಲೆ 6,688 ಮೀಟರ್ ಎತ್ತರಕ್ಕೆ ಹತ್ತಿಸಿದರು. ಎಂಜಿನ್ನಿಗೆ ಸೂಪರ್‌ಚಾರ್ಜರ್ ಕೂರಿಸಿದ್ದರೂ ದೊಡ್ಡ ಗಾಡಿಗಳು ಹೂತುಹೋಗುವ ಸಡಿಲ ನೆಲದಲ್ಲಿ ತೇಲಿಸಿದ್ದು ಆ ಮೈಯ ಹಗುರತನ. ಮರಳಿನಲ್ಲಿ, ಮಳೆಗಾಲದ ಕೆಸರಿನಲ್ಲಿ ಜಿಮ್ನಿ ತನಗಿಂತ ಎರಡು ಪಟ್ಟು ಬಲದ ಗಾಡಿಗಳ ಜೊತೆ ಸಮನಾಗಿ ನಡೆಯುವುದು ಈ ಗುಣದಿಂದ. 105 ಹಾರ್ಸ್‌ಪವರಿನ ಎಂಜಿನ್ನಿಗೆ ಪ್ರತಿ ಕಿಲೋವೂ ಲೆಕ್ಕಕ್ಕೆ ಬರುತ್ತದೆ.

ಜಾಗದ ವಿಚಾರ ಇನ್ನೂ ಇಕ್ಕಟ್ಟಿನದು. ಹಳೆಯ ಪದ್ಧತಿಯಲ್ಲಿ ಎರಡನೇ ಬ್ಯಾಟರಿಯ ಜಾಗ ಬಾನೆಟ್ಟಿನ ಕೆಳಗೆ. ದೊಡ್ಡ ಡೀಸೆಲ್ ಗಾಡಿಗಳಲ್ಲಿ ಅದಕ್ಕೆಂದೇ ಇನ್ನೊಂದು ಮೂಲೆ ಖಾಲಿ ಇರುತ್ತಿತ್ತು. ಜಿಮ್ನಿಯಲ್ಲಿ ತುರುಕಿದರೆ ಅದು ಎಂಜಿನ್ನಿನ ಶಾಖಕ್ಕೆ ಮೈಯೊಡ್ಡಿ ಕೂರುತ್ತದೆ. ಸೀಸದ ಬ್ಯಾಟರಿಗೆ 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೂ ಆಯುಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ಆ ಕಸುಬಿನವರೆಲ್ಲ ಒಪ್ಪುವ ಸ್ಥೂಲ ನಿಯಮ. ಕಡಿಮೆ ವೇಗದಲ್ಲಿ ಗುಡ್ಡ ಹತ್ತುವಾಗ ಬಾನೆಟ್ಟಿನ ಕೆಳಗೆ ಅರವತ್ತು ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಲಿಥಿಯಂ ಬ್ಯಾಟರಿಯನ್ನಂತೂ ಅಲ್ಲಿಡಲೇಬಾರದು, ಬಹುತೇಕ ತಯಾರಕರೇ ಬೇಡ ಎನ್ನುತ್ತಾರೆ. ಇನ್ನು ಅಲೆಯಲೆಯಾಗಿ ಎದ್ದ ಮಣ್ಣುರಸ್ತೆಯ ಅದುರಾಟದಲ್ಲಿ ಸಡಿಲ ಟ್ರೇಯ ಮೇಲಿನ ಬ್ಯಾಟರಿಯ ಪ್ಲೇಟುಗಳು ಉದುರುತ್ತವೆ, ಟ್ರೇ ಬಿರುಕು ಬಿಡುತ್ತದೆ. ಬಾನೆಟ್ಟಿನ ಕೆಳಗೆ ಸೀಸದ ಎರಡನೇ ಬ್ಯಾಟರಿ ಎಂಬ ರೂಪವನ್ನು ಜಿಮ್ನಿಯ ಮಟ್ಟಿಗೆ ಪೂರ್ತಿ ಕೈಬಿಡಬೇಕು ಎಂಬ ವಿಚಾರದಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಲಿಥಿಯಂ ಬಂದ ಮೇಲೆ ಈ ವಾದಕ್ಕೆಲ್ಲ ಅರ್ಥವಿಲ್ಲ ಎಂದು ಹೇಳುವವರಿದ್ದಾರೆ, ಮತ್ತು ಅವರ ಮಾತಿನಲ್ಲಿ ಹುರುಳಿದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಎಎಚ್‌ಗೆ 11ರಿಂದ 13 ಕಿಲೋ ತೂಗುತ್ತದೆ. ಅದರಲ್ಲಿ ಎಂಬತ್ತು, ತೊಂಬತ್ತು ಪರ್ಸೆಂಟ್ ನಿರಾತಂಕವಾಗಿ ಬಳಸಬಹುದು. ಸೀಸದ್ದು ಕೆಲವು ನೂರು ಸಲ ಇಳಿಸಿ ಏರಿಸುವಷ್ಟರಲ್ಲಿ ಸುಸ್ತಾದರೆ ಇದು ಎರಡು ಸಾವಿರ ದಾಟುತ್ತದೆ. ಅದೆಲ್ಲಕ್ಕಿಂತ ದೊಡ್ಡ ಗುಣ, ಇದರ ಗಂಟಲು ಕಿರಿದಾಗುವುದಿಲ್ಲ. 25 ಆಂಪಿಯರ್ ಕೊಟ್ಟರೆ ತುಂಬುವ ಹತ್ತಿರ ಬರುವವರೆಗೂ 25ನ್ನೇ ಒಳಗೆಳೆದುಕೊಳ್ಳುತ್ತದೆ. ಹಾಗಿದ್ದರೆ ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡು ಗಂಟೆಯ ಓಡಾಟದಲ್ಲಿ ಫ್ರಿಜ್ಜಿನ ಇಡೀ ದಿನದ ಖರ್ಚು ವಾಪಸು ಬರುತ್ತದೆ. ಆದರೆ ಇದೇ ಸತ್ಯ ದೊಡ್ಡ ಬ್ಯಾಟರಿಯ ಅಗತ್ಯವನ್ನು ಅಳಿಸುತ್ತದೆ. ಪ್ರತಿದಿನ ಓಡಿ ಪ್ರತಿದಿನ ತುಂಬಿಕೊಳ್ಳುವ ಗಾಡಿಗೆ ಒಂದು ದಿನದ ಖರ್ಚು ಹಿಡಿಯುವಷ್ಟು ಬ್ಯಾಟರಿ ಸಾಕು. ಅದು 50ರಿಂದ 60 ಎಎಚ್, ಆರೇಳು ಕಿಲೋ, ಒಂದು ಕೈಯಲ್ಲಿ ಎತ್ತಿಡುವ ಡಬ್ಬ. ಹಗುರವಾಯಿತಲ್ಲ ಎಂದು ಉಳಿದ ತೂಕವನ್ನು ಮತ್ತೆ ಬ್ಯಾಟರಿಗೇ ಸುರಿದು 200 ಎಎಚ್ ಹಾಕಿಸುವವರು ಲಿಥಿಯಂ ಕೊಟ್ಟ ಲಾಭವನ್ನು ತಾವೇ ಚೆಲ್ಲುತ್ತಾರೆ. ಇನ್ನೂರನ್ನು ಖಾಲಿ ಮಾಡಿದರೆ 25 ಆಂಪಿಯರಿನಲ್ಲಿ ತುಂಬಲು ಎಂಟು ಗಂಟೆ ಓಡಿಸಬೇಕು. ಒಂದೇ ಕಡೆ ಮೂರು ದಿನ ಡೇರೆ ಹಾಕುತ್ತೇವೆ ಎನ್ನುವವರಿಗೆ ದೊಡ್ಡದು ಬೇಡವೇ ಎಂಬುದು ಇದರ ಮರುಪ್ರಶ್ನೆ. ಅಂಥವರಿಗೆ ನೂರು ವಾಟಿನ ಮಡಚುವ ಸೋಲಾರ್ ಹಲಗೆ ಇನ್ನೊಂದು ಬ್ಯಾಟರಿಗಿಂತ ಹೆಚ್ಚು ಉಪಕಾರಿ. ಒಳ್ಳೆಯ ಬಿಸಿಲಿನ ದಿನ ಅದು ಸುಮಾರು 30 ಎಎಚ್ ತರುತ್ತದೆ, ನಾಳೆಯೂ ತರುತ್ತದೆ. ಮೋಡ ಕವಿದರೆ ತರುವುದಿಲ್ಲ, ನಿಜ. ಆಗ ಗಾಡಿಯನ್ನು ಒಂದೆರಡು ಗಂಟೆ ಓಡಿಸಬೇಕಾಗುತ್ತದೆ. ಮೂರು ದಿನವೂ ಮೋಡ, ಮೂರು ದಿನವೂ ಗಾಡಿ ಅಲುಗಾಡಬಾರದು, ಫ್ರಿಜ್ಜೂ ನಿಲ್ಲಬಾರದು ಎಂಬ ಅಪರೂಪದ ಸಂದರ್ಭಕ್ಕಾಗಿ ವರ್ಷವಿಡೀ ತೂಕ ಹೊರುವುದು ನನಗೆ ಸರಿ ಕಾಣುವುದಿಲ್ಲ.

ಲಿಥಿಯಂ ತುಂಬಿಸುವ ವಿಧಾನದಲ್ಲೂ ಹಳೆಯ ರೂಢಿ ಅಪಾಯ ತರುತ್ತದೆ. ಹಿಂದೆ ಎರಡು ಬ್ಯಾಟರಿಗಳ ನಡುವೆ ಒಂದು ರಿಲೇ ಇಡುತ್ತಿದ್ದರು. ಎಂಜಿನ್ ಓಡಿ ವೋಲ್ಟೇಜು ಹದಿಮೂರು ಚಿಲ್ಲರೆಗೆ ಏರಿದಾಗ ಅದು ಎರಡನ್ನೂ ಕೂಡಿಸುತ್ತದೆ, ಇಳಿದಾಗ ಬೇರೆ ಮಾಡುತ್ತದೆ. 1985ರ ಕೊನೆಯಲ್ಲಿ ಬಂದ ನಮ್ಮ ಜಿಪ್ಸಿಯಂಥ ಗಾಡಿಯ ಡೈನಮೋ ಸದಾ ಹದಿನಾಲ್ಕರ ಆಸುಪಾಸಿನಲ್ಲಿ ಕೊಡುತ್ತಿದ್ದುದರಿಂದ ಅಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಜಿಪ್ಸಿ ಇಟ್ಟುಕೊಂಡವರು ಸೀಸದ ಬ್ಯಾಟರಿಗೆ ಅದನ್ನೇ ಬಳಸಿದರೆ ತಪ್ಪಿಲ್ಲ. ಹೊಸ ಗಾಡಿಗಳಲ್ಲಿ ಪೆಟ್ರೋಲ್ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರಿನ ವೋಲ್ಟೇಜನ್ನು ಏರಿಸಿ ಇಳಿಸುವ ಏರ್ಪಾಡು ಸಾಮಾನ್ಯವಾಗಿದೆ. ಇಳಿಸಿದ ಹೊತ್ತಿನಲ್ಲಿ ರಿಲೇ ಬೇರೆಯಾಗಿಬಿಡುತ್ತದೆ, ಗಾಡಿ ಓಡುತ್ತಿದ್ದರೂ ಎರಡನೇ ಬ್ಯಾಟರಿಗೆ ಏನೂ ತಲುಪುವುದಿಲ್ಲ. ಇನ್ನೊಂದು ಕಡೆ, ಲಿಥಿಯಂನ ಒಳ ಪ್ರತಿರೋಧ ಬಹಳ ಕಡಿಮೆ. ನೇರ ಕೂಡಿಸಿದರೆ ಅದು ಕೊಟ್ಟಷ್ಟನ್ನೂ ಎಳೆಯುತ್ತದೆ. ಚಿಕ್ಕ ಗಾಡಿಯ ಚಿಕ್ಕ ಆಲ್ಟರ್ನೇಟರು ಐಡ್ಲಿಂಗ್‌ನಲ್ಲಿ, ತನ್ನ ಫ್ಯಾನು ನಿಧಾನಕ್ಕೆ ತಿರುಗುವಾಗ, ಪೂರ್ತಿ ಹೊರೆ ಹೊತ್ತು ಸುಟ್ಟುಹೋಗಬಹುದು. ಅದಕ್ಕಾಗಿ ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು. ಅದು ಎಷ್ಟು ಎಳೆಯಬೇಕೆಂಬುದಕ್ಕೆ ಮಿತಿ ಹಾಕುತ್ತದೆ, ಒಳಬರುವ ವೋಲ್ಟೇಜು ಕಡಿಮೆಯಿದ್ದರೂ ಲಿಥಿಯಂಗೆ ಬೇಕಾದ 14.4ರ ಆಸುಪಾಸಿಗೆ ಏರಿಸಿ ಕೊಡುತ್ತದೆ. ಜಿಮ್ನಿಗೆ ಇಪ್ಪತ್ತು, ಇಪ್ಪತ್ತೈದು ಆಂಪಿಯರಿನದು ಸರಿಯಾದ ಅಳತೆ. ನಲವತ್ತು, ಐವತ್ತರದ್ದು ದೊಡ್ಡ ಗಾಡಿಗಳಿಗೆ ಇರಲಿ. ಎರಡನೇ ಬ್ಯಾಟರಿಗೆ ದುಡ್ಡು ಸುರಿದು ಈ ಚಾರ್ಜರಿಗೆ ಹಿಂದೆಮುಂದೆ ನೋಡುವುದು ತಲೆಕೆಳಗಾದ ಆದ್ಯತೆ.

ಈ ಕೆಲಸದ ಗುಣಮಟ್ಟ ಗೊತ್ತಾಗುವುದು ಮಾತ್ರ ತಂತಿಯಲ್ಲಿ, ಮತ್ತು ವಿಮರ್ಶೆ ಹೆಚ್ಚು ಕಟುವಾಗಬೇಕಾದದ್ದೂ ಅಲ್ಲಿಯೇ. ಬಾನೆಟ್ಟಿನ ಕೆಳಗಿರುವ ಮುಂದಿನ ಬ್ಯಾಟರಿಯಿಂದ ಹಿಂದೆ ಸಾಮಾನಿನ ಜಾಗದಲ್ಲಿಟ್ಟ ಎರಡನೇ ಬ್ಯಾಟರಿಯ ಡಬ್ಬದವರೆಗೆ ಐದು ಮೀಟರು, ವಾಪಸು ಐದು ಮೀಟರು ಎಂದಿಟ್ಟುಕೊಂಡರೆ 25 ಆಂಪಿಯರಿಗೆ 13.5 ಚದರ ಮಿಲಿಮೀಟರಿನ ತಂತಿಯಲ್ಲಿ ಮೂರನೇ ಒಂದು ವೋಲ್ಟ್ ನಷ್ಟ. ಅದೇ 4.6 ಚದರ ಮಿಲಿಮೀಟರಿನದಾದರೆ ಒಂದು ವೋಲ್ಟ್‌ಗೆ ಹತ್ತಿರ. ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಆರು ಮಿಲಿಮೀಟರ್ ಎಂದು ಮಾರುವ ಗಾಡಿ ತಂತಿಯೊಳಗಿನ ತಾಮ್ರ ಸುಮಾರು 4.6 ಚದರ ಮಿಲಿಮೀಟರ್ ಮಾತ್ರ, ಏಕೆಂದರೆ ಆ ಆರು ಎಂಬುದು ಮೇಲಿನ ಪ್ಲಾಸ್ಟಿಕ್ ಹೊದಿಕೆಯೂ ಸೇರಿದ ದಪ್ಪ. ಆರು ಗೇಜಿನ ತಂತಿ 13.5 ಚದರ ಮಿಲಿಮೀಟರಿನದು. ಎರಡರಲ್ಲೂ ಆರು ಇರುವುದರಿಂದ ಒಂದರ ಬದಲು ಇನ್ನೊಂದು ಗಾಡಿಯೊಳಗೆ ಸೇರುತ್ತದೆ. ಮೆಲ್ಬರ್ನ್, ಪರ್ತ್‌ನಲ್ಲಿ ನೆಲೆಸಿ ಜಿಮ್ನಿ ಇಟ್ಟುಕೊಂಡಿರುವ ಕನ್ನಡಿಗರು ಸ್ವತಃ ವಯರಿಂಗ್ ಮಾಡಹೊರಟರೆ ತಾಮ್ರದ ಚದರ ಅಳತೆಯನ್ನೇ ಕೇಳಿ ಕೊಳ್ಳಲಿ. ಫ್ಯೂಸಿನ ವಿಷಯದಲ್ಲಿ ನಡೆಯುವ ತಪ್ಪು ಇನ್ನೂ ಗಂಭೀರ. ಒಂದು ಬ್ಯಾಟರಿಯಿಂದ ಹೊರಟು ಒಂದು ದೀಪದಲ್ಲಿ ಮುಗಿಯುವ ತಂತಿಗೆ ಒಂದು ಫ್ಯೂಸ್ ಸಾಕು. ಎರಡು ತುದಿಯಲ್ಲೂ ಬ್ಯಾಟರಿ ಇರುವ ತಂತಿ ಎಲ್ಲಾದರೂ ಗಾಡಿಯ ಲೋಹದ ಮೈಗೆ ಉಜ್ಜಿ ಹರಿದರೆ ಎರಡೂ ಕಡೆಯಿಂದ ವಿದ್ಯುತ್ ನುಗ್ಗುತ್ತದೆ; ಆದ್ದರಿಂದ ಎರಡೂ ತುದಿಯಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರ, ಫ್ಯೂಸ್ ಇರಲೇಬೇಕು. ಚಿಕ್ಕ ಸೀಸದ ಬ್ಯಾಟರಿಯೂ ಶಾರ್ಟ್ ಆದಾಗ ಸಾವಿರಕ್ಕೆ ಹತ್ತಿರದ ಆಂಪಿಯರ್ ಹರಿಸಬಲ್ಲದು. ತಂತಿಯ ಹೊದಿಕೆಗೆ ಬೆಂಕಿ ಹತ್ತಲು ಸೆಕೆಂಡುಗಳು ಸಾಕು, ಮತ್ತು ಆ ತಂತಿ ಹಾದುಹೋಗುವುದು ಜನ ಕೂರುವ ಜಾಗದ ಕೆಳಗೆ. ಮುಂದಿನ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ನೇರವಾಗಿ ಅರ್ಥ್ ತಂತಿ ಕೂಡಿಸುವುದೂ ತಪ್ಪು. ಅನೇಕ ಹೊಸ ಗಾಡಿಗಳಲ್ಲಿ ಆ ಕಂಬದ ಮೇಲೆಯೇ ವಿದ್ಯುತ್ ಅಳೆಯುವ ಸೆನ್ಸರ್ ಕೂತಿರುತ್ತದೆ. ಅದನ್ನು ತಪ್ಪಿಸಿ ಹರಿದದ್ದು ಕಂಪ್ಯೂಟರಿನ ಲೆಕ್ಕಕ್ಕೆ ಸಿಗುವುದಿಲ್ಲ, ಚಾರ್ಜಿಂಗ್ ಎಲ್ಲ ಏರುಪೇರಾಗುತ್ತದೆ. ಬಾಡಿಯ ಗಟ್ಟಿ ಬೋಲ್ಟಿಗೆ ಬಣ್ಣ ಕೆರೆದು ಅರ್ಥ್ ಕೊಡುವುದು ಸರಿಯಾದ ಕ್ರಮ. ಡಬ್ಬವನ್ನು ಕಟ್ಟುವುದೂ ಇಷ್ಟೇ ಮುಖ್ಯ. ಡಿಕ್ಕಿಯಾದಾಗ ಇಪ್ಪತ್ತು ಪಟ್ಟು ಗುರುತ್ವದ ಹೊಡೆತ ಬಿದ್ದರೆ 13 ಕಿಲೋದ ಬ್ಯಾಟರಿ 260 ಕಿಲೋದ ಬಲದಿಂದ ಮುಂದೆ ನುಗ್ಗುತ್ತದೆ. ಜಿಮ್ನಿಯಲ್ಲಿ ಹಿಂದಿನ ಸಾಮಾನಿಗೂ ಜನರ ತಲೆಗೂ ನಡುವೆ ಒಂದು ಸೀಟಿನ ಬೆನ್ನು ಮಾತ್ರ ಅಡ್ಡ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಬಲವಾಗಿಯೇ ಉಳಿಯುತ್ತದೆ. ಫ್ರಿಜ್ ಬಿಡಿ, ನಿರ್ಜನ ಜಾಗದಲ್ಲಿ ಮುಂದಿನ ಬ್ಯಾಟರಿ ಸತ್ತರೆ ಜೀವಕ್ಕೇ ಕುತ್ತಲ್ಲವೇ? ಹೌದು, ಮತ್ತು ಇಂದಿನ ಗಾಡಿಯಲ್ಲಿ ಆ ಭಯ ಹಿಂದಿಗಿಂತ ಹೆಚ್ಚು. ಕಾರ್ಬೊರೇಟರ್ ಕಾಲದ ಜಿಪ್ಸಿಯನ್ನು ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದರು. ಈಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಪಂಪಿಗೂ ಇಂಜೆಕ್ಟರಿಗೂ ಕಂಪ್ಯೂಟರಿಗೂ ಒಂದಿಷ್ಟು ವೋಲ್ಟೇಜು ಬೇಕು. ಪೂರ್ತಿ ಸತ್ತ ಬ್ಯಾಟರಿಯಲ್ಲಿ ಎಷ್ಟು ತಳ್ಳಿದರೂ ಏಳುವುದಿಲ್ಲ, ಆಟೊಮ್ಯಾಟಿಕ್ ಆದರೆ ತಳ್ಳುವ ಮಾತೇ ಇಲ್ಲ. ಹಾಗಿದ್ದರೂ ಮೊದಲೇ ನೋಡಿದಂತೆ ಸ್ಟಾರ್ಟಿಂಗ್‌ಗೆ ಬೇಕಾದ ಶಕ್ತಿ ಚಿಟಿಕೆಯಷ್ಟು. ಅದನ್ನು ಕೊಡಲು ಅರ್ಧ ಕಿಲೋ ಒಂದು ಕಿಲೋ ತೂಗುವ, ಅಂಗೈಯಲ್ಲಿ ಹಿಡಿಯುವ ಜಂಪ್ ಸ್ಟಾರ್ಟರ್ ಸಾಕು. ಅದನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡಿಡುವ ಶಿಸ್ತು ಬೇಕು ಅಷ್ಟೇ. ಎರಡನೇ ಬ್ಯಾಟರಿಯೂ ಆ ಶಿಸ್ತಿನಿಂದ ವಿನಾಯಿತಿ ಕೊಡುವುದಿಲ್ಲ. ಫ್ರಿಜ್ ಓಡಿಸಿ ಖಾಲಿಯಾದ ಬೆಳಿಗ್ಗೆ ಅದು ಎಂಜಿನ್ನಿಗೆ ನೆರವಾಗಲಾರದು. ಲಿಥಿಯಂ ಫ್ರಿಜ್ ಬ್ಯಾಟರಿಗಳಲ್ಲಿ ಅನೇಕವು ಸೆಲ್ಫ್ ಮೋಟಾರಿನ ಎಳೆತಕ್ಕೆ ತಮ್ಮ ಒಳಗಿನ ಸರ್ಕ್ಯೂಟಿನಿಂದಲೇ ಕಡಿದುಕೊಳ್ಳುತ್ತವೆ. ತುರ್ತಿನ ಹೆಸರಿನಲ್ಲಿ ಮಾರಾಟವಾಗುವ ಬ್ಯಾಟರಿ ತುರ್ತಿಗೇ ಆಗಿಬಾರದ ಸಂದರ್ಭಗಳಿವೆ ಎಂಬುದನ್ನು ಕೊಳ್ಳುವವರಿಗೆ ಹೇಳಬೇಕು. ವಿಂಚಿಗಾಗಿ ಎರಡನೇ ಬ್ಯಾಟರಿ ಎಂಬ ವಾದಕ್ಕೂ ಹೆಚ್ಚು ಬಲವಿಲ್ಲ. ವಿಂಚು ಪೂರ್ತಿ ಹೊರೆಯಲ್ಲಿ ನಾನೂರು ಆಂಪಿಯರಿನ ಆಸುಪಾಸು ಎಳೆಯುತ್ತದೆ, ಡಿಸಿ-ಡಿಸಿ ಚಾರ್ಜರಿನ ಆಚೆ ಇರುವ ಡಬ್ಬ ಆ ಕ್ಷಣದಲ್ಲಿ ಅದಕ್ಕೆ ಏನೂ ಕೊಡಲಾರದು. ಎಂಜಿನ್ ಓಡಿಸುತ್ತಾ, ಎಳೆದು ನಿಲ್ಲಿಸಿ ಎಳೆದು ನಿಲ್ಲಿಸಿ ಮುಂದಿನ ಬ್ಯಾಟರಿಯಲ್ಲೇ ಕೆಲಸ ಮುಗಿಸಬೇಕು. ಗಾಡಿ ಹಗುರವಾದಷ್ಟೂ ಎಳೆಯುವ ಹೊರೆಯೂ ಕಡಿಮೆ.

ಕರ್ನಾಟಕದಲ್ಲಿ ಜಿಮ್ನಿ ಓಡಿಸುವವರಿಗೆ ಇದೆಲ್ಲ ಎಷ್ಟು ಅನ್ವಯ? ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರು. ನಾಲ್ಕೈದು ಗಂಟೆಯ ಓಡಾಟದಲ್ಲಿ ಮುಂದಿನ ಬ್ಯಾಟರಿ ತುಂಬಿರುತ್ತದೆ. ಮೂಡಿಗೆರೆ, ಮಡಿಕೇರಿ, ಸೋಮವಾರಪೇಟೆಯ ಯಾವ ಎಸ್ಟೇಟ್ ರಸ್ತೆಯಿಂದಲೂ ಪೇಟೆ ಒಂದೆರಡು ಗಂಟೆಯ ದಾರಿ. ಒಂದು ರಾತ್ರಿ ತಂಗಿ ಬರುವವರಿಗೆ ಒಳ್ಳೆಯ ಐಸ್ ಬಾಕ್ಸ್ ಸಾಕು. ಫ್ರಿಜ್ಜೇ ಬೇಕೆಂದರೆ ದಪ್ಪ ತಂತಿ, ಕಟ್‌ಆಫ್, ಜಂಪ್ ಸ್ಟಾರ್ಟರ್ ಈ ಮೂರರಲ್ಲಿ ಮುಗಿಯುತ್ತದೆ. ಘಟ್ಟದ ತಂಪಿನ ರಾತ್ರಿಯಲ್ಲಿ ಫ್ರಿಜ್ಜಿನ ಖರ್ಚೂ ಇಳಿಯುತ್ತದೆ. ಆದರೆ ಗಾಡಿಯಲ್ಲೇ ಮಲಗುತ್ತಾ ವಾರಗಟ್ಟಲೆ ಅಲೆಯುವವರು, ಕ್ಯಾಮೆರಾ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಕಾಡಂಚಿನಲ್ಲಿ ಕೆಲಸ ಮಾಡುವವರು, ಇಲ್ಲಿಂದ ಹೊರಟು ಸ್ಪಿತಿ ಲಡಾಖ್ ಮುಟ್ಟಿ ಬರುವವರು ಇದ್ದಾರೆ. ಅವರಿಗೆ ಚಿಕ್ಕ ಲಿಥಿಯಂ ಡಬ್ಬ ನಿಜಕ್ಕೂ ಉಪಕಾರಿ, ಅದರ ಪರವಾಗಿ ನಾನು ನಿಲ್ಲುತ್ತೇನೆ. ಕಿತ್ತು ತೆಗೆಯಲು ಬರುವಂತೆ, ಹಿಂದೆ ಆಂಡರ್ಸನ್ ಪ್ಲಗ್ ಎಂಬ ದಪ್ಪ ತಂತಿಯ ಜೋಡಣೆಯೊಂದನ್ನು ಇಟ್ಟು ಮಾಡಿಸಿದರೆ ಪ್ರವಾಸ ಮುಗಿದ ಮೇಲೆ ಡಬ್ಬವನ್ನು ಮನೆಯೊಳಗೆ ತಂದಿಡಬಹುದು. ಕೇವಲ 208 ಲೀಟರಿನ ಡಿಕ್ಕಿಯಿರುವ ಗಾಡಿಯಲ್ಲಿ ಆ ಜಾಗ ವಾಪಸು ಸಿಗುವುದು ಸಣ್ಣ ಸಂಗತಿಯಲ್ಲ. ಕಂಪನಿಯ ವಯರಿಂಗನ್ನು ಎಲ್ಲೂ ಕತ್ತರಿಸದೆ ಮಾಡಬಹುದಾದ್ದರಿಂದ ವಾರಂಟಿಯ ತಂಟೆಯೂ ಕಡಿಮೆ. ಎಲ್ಲ ಸೇರಿಸಿಟ್ಟ ಪವರ್ ಸ್ಟೇಷನ್ ಡಬ್ಬಗಳೂ ಸಿಗುತ್ತವೆ. ಆದರೆ ಗಾಡಿಯ ಸಾಕೆಟ್ಟಿನಿಂದ ಅವು ತುಂಬುವುದು ಸಾಮಾನ್ಯವಾಗಿ ಎಂಟು ಹತ್ತು ಆಂಪಿಯರಿನಲ್ಲಿ. ಎರಡು ಗಂಟೆ ಓಡಿಸಿದರೆ ಫ್ರಿಜ್ಜಿನ ಅರ್ಧ ದಿನಕ್ಕೆ ಸಾಲುವುದೂ ಕಷ್ಟ. ಅಲ್ಲಿಯೂ ಡಬ್ಬದ ಗಾತ್ರ ನೋಡುವ ಮೊದಲು ಗಾಡಿಯಿಂದ ಅದು ಎಷ್ಟು ಬೇಗ ತುಂಬುತ್ತದೆ ಎಂದು ನೋಡಬೇಕು.

ಲಡಾಖಿಗೆ ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಬಳಸಬಹುದು, ಚಾರ್ಜ್ ಮಾಡಬಾರದು. ಆ ಚಳಿಯಲ್ಲಿ ಚಾರ್ಜ್ ಹರಿಸಿದರೆ ಒಳಗಿನ ಲಿಥಿಯಂ ಲೋಹವಾಗಿ ಕವಚಗಟ್ಟಿ ಸೆಲ್ ಖಾಯಂ ಆಗಿ ಹಾಳಾಗುತ್ತದೆ. ಹಾನ್ಲೆಯಂಥ ಕಡೆ ಗಾಡಿಯೊಳಗೆ ರಾತ್ರಿ ಬಿಟ್ಟ ಡಬ್ಬ ಬೆಳಿಗ್ಗೆ ಹೆಪ್ಪುಗಟ್ಟುವ ಚಳಿಯಲ್ಲಿರುತ್ತದೆ. ಎಂಜಿನ್ ಎದ್ದ ಕೂಡಲೇ ಚಾರ್ಜರ್ ತನ್ನ ಕೆಲಸ ಶುರು ಮಾಡುತ್ತದೆ. ಚಳಿಯಲ್ಲಿ ಚಾರ್ಜನ್ನು ತಡೆಯುವ ರಕ್ಷಣೆ ಒಳಗಿದೆಯೇ ಎಂದು ಕೊಳ್ಳುವಾಗಲೇ ಕೇಳಿ ಬರೆಸಿಕೊಳ್ಳಬೇಕು. ಅಗ್ಗದ ಬ್ಯಾಟರಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಅದೇ. ಇಲ್ಲವಾದರೆ ರಾತ್ರಿ ಡಬ್ಬವನ್ನು ಡೇರೆಯೊಳಗೋ ಕೋಣೆಯೊಳಗೋ ಒಯ್ದಿಡಬೇಕು. ಆರು ಕಿಲೋದ ಡಬ್ಬವಾದರೆ ಅದು ಆಗುವ ಕೆಲಸ. ಬೋಲ್ಟು ಹಾಕಿ ಬಿಗಿದ ಇಪ್ಪತ್ತೈದು ಕಿಲೋದ್ದಾದರೆ ಬಿಸಿಲೇರುವವರೆಗೆ ಚಾರ್ಜರಿನ ಲೈನ್ ತೆಗೆದಿಟ್ಟು ಕಾಯುವುದೊಂದೇ ದಾರಿ.